ಭ್ರೂಣ ಕಟ್ಟುವ ಜೀನ್‌ಗಳು ಕ್ಯಾನ್ಸರ್‌ನಲ್ಲಿ ಏನು ಮಾಡುತ್ತವೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪೆಥಾಲಜಿ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂರುವುದು ನನ್ನ ಕೆಲಸ. ಪ್ರಶ್ನೆಗಳು ಮಾತ್ರ ಬೇರೆ ಕಡೆ ಸಿಗುತ್ತವೆ. ಮದುವೆ ಮನೆಯ ಪಂಕ್ತಿಯಲ್ಲಿ, ವಾಟ್ಸ್ಯಾಪ್‌ನಲ್ಲಿ ರಿಪೋರ್ಟಿನ ಫೋಟೋ ಜೊತೆ, ಪಿಯುಸಿ ಮಕ್ಕಳ ಮುಂದೆ ಮಾತಾಡಲು ಹೋದಾಗ. ಹೆಚ್ಚು ಸಲ ಕೇಳಿದವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಎಲ್ಲಿಂದ ಬೇಕಾದರೂ ಓದಿ. ಇದನ್ನು ಓದಿ ಚಿಕಿತ್ಸೆಯ ತೀರ್ಮಾನ ಮಾತ್ರ ಮಾಡಬೇಡಿ, ಅದಕ್ಕೆ ನಿಮ್ಮ ಡಾಕ್ಟರ್ ಇದ್ದಾರೆ.

## ಮೊದಲು ಮೇಸ್ತ್ರಿಯ ಪರಿಚಯ

ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ಅಂದ್ರೆ ಏನು? ಪುಸ್ತಕದ ಭಾಷೆ ಬೇಡ.

ಮನೆ ಕಟ್ಟುವ ಜಾಗದಲ್ಲಿ ಮೇಸ್ತ್ರಿ ಇರುತ್ತಾನಲ್ಲ, ಅವನೇ. ಅವನು ಇಟ್ಟಿಗೆ ಹೊರುವುದಿಲ್ಲ, ಗಾರೆ ಕಲಸುವುದಿಲ್ಲ. ಯಾರು ಯಾವಾಗ ಏನು ಮಾಡಬೇಕು ಅಂತ ಹೇಳುತ್ತಾನೆ. ನಮ್ಮ ಹೆಚ್ಚು ಕಡಿಮೆ ಪ್ರತಿ ಕೋಶದಲ್ಲೂ ಪ್ರೋಟೀನ್ ತಯಾರಿಸುವ ಸುಮಾರು 20,000 ಜೀನ್‌ಗಳಿವೆ. ಕಣ್ಣಿನ ಕೋಶದಲ್ಲೂ ಅವೇ, ಕಿಡ್ನಿಯ ಕೋಶದಲ್ಲೂ ಅವೇ. ಯಾವ ಜೀನ್ ಓಡುತ್ತಿದೆ, ಯಾವುದು ಮುಚ್ಚಿದೆ ಎಂಬುದರ ಮೇಲೆ ಕಣ್ಣು ಕಣ್ಣಾಗುತ್ತದೆ, ಕಿಡ್ನಿ ಕಿಡ್ನಿಯಾಗುತ್ತದೆ. ಡಿಎನ್‌ಎ ಮೇಲೆ ಗೊತ್ತಾದ ಜಾಗ ಹುಡುಕಿ ಕೂತು, ಈ ಜೀನ್ ಓಡಲಿ, ಆ ಜೀನ್ ನಿಲ್ಲಲಿ ಎಂದು ನಡೆಸುವ ಪ್ರೋಟೀನ್‌ಗಳಿಗೆ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ಎಂದು ಹೆಸರು. ಮನುಷ್ಯರಲ್ಲಿ ಇಂಥವು ಸುಮಾರು 1,600. ಅವುಗಳಲ್ಲಿ ಭ್ರೂಣ ಕಟ್ಟುವವನ್ನು ನಾನು ಇಲ್ಲಿ ಮೇಸ್ತ್ರಿ ಜೀನ್ ಅಂತಲೇ ಕರೆಯುತ್ತೇನೆ, ಬಾಯಿಗೆ ಸುಲಭ.

ಅವು ಮಗು ಹೊಟ್ಟೆಯಲ್ಲಿದ್ದಾಗ ಕೆಲಸ ಮಾಡೋ ಜೀನ್‌ಗಳು ತಾನೆ? ಹುಟ್ಟಿದ ಮೇಲೆ ಎಲ್ಲಿ ಹೋಗ್ತಾವೆ?

ಎಲ್ಲೂ ಹೋಗುವುದಿಲ್ಲ. ಜೀನ್ ಇದ್ದಲ್ಲೇ ಇರುತ್ತದೆ, ಕೆಲಸ ಬದಲಾಗುತ್ತದೆ. ಕೆಲವು ಪೂರ್ತಿ ಮಲಗಿಬಿಡುತ್ತವೆ. ಭ್ರೂಣಕ್ಕೆ ಬೆನ್ನುಮೂಳೆ ಬರುವ ಮೊದಲು ನೋಟೋಕಾರ್ಡ್ ಎಂಬ ಮೆದು ಕಡ್ಡಿಯೊಂದು ಮೂಡುತ್ತದೆ. ಅದಕ್ಕೆ ಬೇಕಾದ ಬ್ರ್ಯಾಕಿಯೂರಿ ಜೀನ್ ದೊಡ್ಡವರ ಮೈಯಲ್ಲಿ ಹೆಚ್ಚು ಕಡಿಮೆ ಎಲ್ಲ ಕಡೆ ನಿದ್ದೆಯಲ್ಲಿದೆ. ಇನ್ನು ಕೆಲವು ಕಾವಲಿಗೆ ಉಳಿಯುತ್ತವೆ. ಶ್ವಾಸಕೋಶ ಕಟ್ಟಿದ ಎನ್‌ಕೆಎಕ್ಸ್2-1 ಜೀನ್ 70 ವರ್ಷದವರ ಶ್ವಾಸಕೋಶದಲ್ಲೂ ಓಡುತ್ತಿರುತ್ತದೆ, 'ನೀನು ಶ್ವಾಸಕೋಶದವನು, ಮರೀಬೇಡ' ಅಂತ ಕೋಶದ ಕಿವಿಯಲ್ಲಿ ಹೇಳುತ್ತಿರುವ ಹಾಗೆ. ಗಾಯ ಮಾಯುವಾಗ ಸ್ವಲ್ಪ ಹೊತ್ತು ಎದ್ದು ಮತ್ತೆ ಮಲಗುವವೂ ಇವೆ.

ಕ್ಯಾನ್ಸರ್‌ನ ತಂಟೆ ಈ ಮೂರೂ ಕಡೆ ಶುರುವಾಗಬಹುದು. ಮಲಗಿದ್ದು ಎದ್ದುಬಿಡಬಹುದು, ಕಾವಲಿನವನು ಕೆಲಸ ಬಿಡಬಹುದು, ಎದ್ದವನು ಮತ್ತೆ ಮಲಗದೇ ಇರಬಹುದು.

ಮಾತೆತ್ತಿದ್ರೆ ನೊಣ ನೊಣ ಅಂತೀರಿ. ನೊಣಕ್ಕೂ ನಮ್ಮ ಕ್ಯಾನ್ಸರ್‌ಗೂ ಏನ್ ಸಂಬಂಧ ಮೇಡಂ?

ಬಾಳೆಗೊನೆ ಸುತ್ತ ಹಾರುವ ಪುಟ್ಟ ಹಣ್ಣಿನ ನೊಣ ಇದೆಯಲ್ಲ, ಈ ಜೀನ್‌ಗಳಲ್ಲಿ ಬಹಳಷ್ಟು ಮೊದಲು ಸಿಕ್ಕಿದ್ದು ಅದರಲ್ಲಿ. ಒಂದು ತಳಿಯ ನೊಣಕ್ಕೆ ತಲೆಯ ಮೇಲೆ ಮೀಸೆ ಇರಬೇಕಾದ ಕಡೆ ಕಾಲು ಬೆಳೆದಿರುತ್ತದೆ. ಪೂರ್ತಿ ಕಾಲು, ಮೊಣಕಾಲಿನ ಮಡಿಕೆ ಸಮೇತ. ಒಂದೇ ಜೀನ್ ತಪ್ಪು ಜಾಗದಲ್ಲಿ ಎದ್ದರೆ ಇಷ್ಟಾಗುತ್ತದೆ. ಆ ಜೀನ್ ಹಿಂದೆ ಬಿದ್ದವರಿಗೆ 1984ರ ಹೊತ್ತಿಗೆ ಹೋಮಿಯೋಬಾಕ್ಸ್ ಎಂಬ 180 ಡಿಎನ್‌ಎ ಅಕ್ಷರದ ತುಣುಕು ಸಿಕ್ಕಿತು. ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗ್ ತಂಡಕ್ಕೂ ಅಮೆರಿಕದ ಇಂಡಿಯಾನಾದಲ್ಲಿ ಮ್ಯಾಥ್ಯೂ ಸ್ಕಾಟ್ ತಂಡಕ್ಕೂ ಬೇರೆ ಬೇರೆಯಾಗಿ. ಅದೇ ತುಣುಕು ಇಲಿಯಲ್ಲೂ ಇತ್ತು, ನಮ್ಮಲ್ಲೂ ಇತ್ತು. ಆ ಬಗೆಯ ಹಾಕ್ಸ್ ಜೀನ್‌ಗಳು ಮನುಷ್ಯರಲ್ಲಿ 39, ನಾಲ್ಕು ಗೊಂಚಲಾಗಿ ನಾಲ್ಕು ಕ್ರೋಮೋಸೋಮ್‌ಗಳ ಮೇಲೆ ಕೂತಿವೆ.

1995ರಲ್ಲಿ ಗೇರಿಂಗ್ ತಂಡ ಕಣ್ಣಿನ ಮೇಸ್ತ್ರಿ ಜೀನ್ ಒಂದನ್ನು ನೊಣದ ಕಾಲಿನಲ್ಲಿ ಎಬ್ಬಿಸಿತು. ಕಾಲಿನ ಮೇಲೆ ಕಣ್ಣು ಬಂತು! ಇಲಿಯ ಪ್ಯಾಕ್ಸ್6 ಜೀನ್ ಹಾಕಿದರೂ ಬಂದದ್ದು ಕಣ್ಣೇ, ಅದೂ ನೊಣದ ಕಣ್ಣು. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೇಳುವ ರಂಕ್ಸ್1, ಟ್ವಿಸ್ಟ್, ಸ್ನೇಲ್, ಹೆಜ್‌ಹಾಗ್ ಎಂಬ ಹೆಸರುಗಳೆಲ್ಲ ನೊಣದ ಲ್ಯಾಬಿನಿಂದಲೇ ಬಂದವು.

ಹಾಗಾದ್ರೆ ಇವೆಲ್ಲ ಕ್ಯಾನ್ಸರ್ ಜೀನ್‌ಗಳು. ತೆಗೆದುಹಾಕಿದ್ರೆ ಆಯ್ತಲ್ವಾ?

ಎನ್‌ಕೆಎಕ್ಸ್2-1 ತೆಗೆದ ಇಲಿಮರಿಗೆ ಥೈರಾಯ್ಡ್ ಇರಲಿಲ್ಲ, ಶ್ವಾಸಕೋಶ ಸರಿಯಾಗಿ ಕಟ್ಟಿರಲಿಲ್ಲ. ಹುಟ್ಟಿದ ಕೂಡಲೇ ಸತ್ತಿತು. 'ಕ್ಯಾನ್ಸರ್ ಜೀನ್' ಅನ್ನುವ ಮಾತೇ ನನಗೆ ಹಿಡಿಸುವುದಿಲ್ಲ. ಯಾರ ಮೈಯಲ್ಲೂ ಕ್ಯಾನ್ಸರ್ ತರಿಸಲಿಕ್ಕೆಂದೇ ಇರುವ ಜೀನ್ ಇಲ್ಲ.

## ರಿಪೋರ್ಟ್ ಕೈಗೆ ಬಂದಾಗ

ಅಕ್ಕಾ, ಅಪ್ಪನ ಬಯಾಪ್ಸಿಯಲ್ಲಿ 'ಟಿಟಿಎಫ್-1 ಪಾಸಿಟಿವ್' ಅಂತಿದೆ. ಪಾಸಿಟಿವ್ ಅಂದ್ರೆ ಕೆಟ್ಟದ್ದಾ?

ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಇಲ್ಲಿ ಪಾಸಿಟಿವ್ ಅಂದರೆ ಕಲೆ ಹಿಡಿಯಿತು ಅಂತ, ಅಷ್ಟೇ.

ನಾವು ಮಾಡುವುದು ಹೀಗೆ. ಗಡ್ಡೆಯ ಚೂರನ್ನು ಮೇಣದ ಬಿಲ್ಲೆಯಲ್ಲಿ ಕೂರಿಸಿ, 3–4 ಮೈಕ್ರಾನ್ ದಪ್ಪದ ಪದರ ಸೀಳುತ್ತೇವೆ. ತಲೆಗೂದಲು ಇದರ ಹದಿನೈದು ಇಪ್ಪತ್ತು ಪಟ್ಟು ದಪ್ಪ. ಅದನ್ನು ಗಾಜಿಗೆ ಅಂಟಿಸಿ, ಟಿಟಿಎಫ್-1 ಪ್ರೋಟೀನನ್ನು ಮಾತ್ರ ಹುಡುಕಿ ಹಿಡಿಯುವ ಆಂಟಿಬಾಡಿ ಹಾಕುತ್ತೇವೆ. ಆಮೇಲೆ ಬಣ್ಣ ಬರುವ ಮದ್ದು. ಪ್ರೋಟೀನ್ ಇದ್ದ ಕಡೆ ಕಾಫಿ ಡಿಕಾಕ್ಷನ್ ಬಣ್ಣ, ಇಲ್ಲದ ಕಡೆ ತಿಳಿ ನೀಲಿ. ಮೇಸ್ತ್ರಿ ಜೀನ್‌ಗಳ ಪ್ರೋಟೀನ್ ಕೂರುವುದು ಡಿಎನ್‌ಎ ಇರುವ ನ್ಯೂಕ್ಲಿಯಸ್‌ನಲ್ಲಿ. ಹಾಗಾಗಿ ಕಂದು ಬಣ್ಣ ಅಲ್ಲೇ ಬೀಳಬೇಕು. ಲಿವರ್ ಕ್ಯಾನ್ಸರ್‌ನಲ್ಲಿ ಕೆಲವೊಮ್ಮೆ ಟಿಟಿಎಫ್-1 ಕಲೆ ನ್ಯೂಕ್ಲಿಯಸ್ ಹೊರಗೆ ಬಿದ್ದಿರುತ್ತದೆ, ಅದನ್ನು ನಾವು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಟಿಟಿಎಫ್-1 ಅಂದರೆ ಎನ್‌ಕೆಎಕ್ಸ್2-1 ಜೀನಿನ ಪ್ರೋಟೀನ್. ಅದು ಕಂಡರೆ ಗಡ್ಡೆ ಬಹುಶಃ ಶ್ವಾಸಕೋಶದಲ್ಲಿ ಅಥವಾ ಥೈರಾಯ್ಡ್‌ನಲ್ಲಿ ಹುಟ್ಟಿದ್ದು. ಶ್ವಾಸಕೋಶದ ಅಡಿನೋಕಾರ್ಸಿನೋಮಗಳಲ್ಲಿ (ಗ್ರಂಥಿಯಂಥ ಕೋಶಗಳ ಕ್ಯಾನ್ಸರ್) ನಾಲ್ಕಕ್ಕೆ ಸುಮಾರು ಮೂರು ಪಾಸಿಟಿವ್ ಬರುತ್ತವೆ, ಮತ್ತು ಪಾಸಿಟಿವ್ ಇರುವವರ ದಾರಿ ಸರಾಸರಿಯಲ್ಲಿ ನೆಗೆಟಿವ್‌ನವರಿಗಿಂತ ಕೊಂಚ ಮೇಲು. ಹೆಸರಿನಲ್ಲಿರುವ ಮೊದಲ 'ಟಿ' ಥೈರಾಯ್ಡ್‌ನದು, ಗೊಂದಲವೆಲ್ಲ ಅದರಿಂದಲೇ. ನಮ್ಮ ಸಂಬಂಧಿಕರೊಬ್ಬರು ಗೂಗಲ್ ನೋಡಿ ಎರಡು ವಾರ ಥೈರಾಯ್ಡ್ ಸ್ಕ್ಯಾನ್‌ಗೆ ಓಡಾಡಿ, ಆಮೇಲೆ ನನಗೆ ಫೋನ್ ಮಾಡಿದರು.

ಗಡ್ಡೆ ಇರೋದು ಲಿವರ್‌ನಲ್ಲಿ. ಡಾಕ್ಟರ್ 'ಇದು ಕರುಳಿಂದ ಬಂದದ್ದು' ಅಂತಾರೆ. ಅದು ಹೇಗೆ ಗೊತ್ತಾಗುತ್ತೆ?

ಧಾರವಾಡದವರು ಬೆಂಗಳೂರಿಗೆ ಬಂದು ಮೂವತ್ತು ವರ್ಷ ಆಗಿದ್ದರೂ ಬಾಯಿ ಬಿಟ್ಟ ಕೂಡಲೇ ಊರು ಗೊತ್ತಾಗುತ್ತದೆ, ಅಲ್ವಾ? ಕೋಶಕ್ಕೂ ಹಾಗೆ ಒಂದು ಧಾಟಿ ಇದೆ. ಕರುಳು ಕಟ್ಟಿದ ಸಿಡಿಎಕ್ಸ್2 ಜೀನ್, ಲಿವರ್‌ಗೆ ವಲಸೆ ಹೋದ ಕರುಳಿನ ಕ್ಯಾನ್ಸರ್ ಕೋಶದಲ್ಲೂ ಸಾಮಾನ್ಯವಾಗಿ ಓಡುತ್ತಲೇ ಇರುತ್ತದೆ. ಪ್ಯಾಕ್ಸ್8 ಕಂಡರೆ ಕಿಡ್ನಿ, ಥೈರಾಯ್ಡ್, ಅಂಡಾಶಯ ಅಥವಾ ಗರ್ಭಕೋಶದ ಕಡೆ ನೋಡುತ್ತೇವೆ. ಗಾಟಾ3 ಅಂದರೆ ಸ್ತನ ಇಲ್ಲವೇ ಮೂತ್ರಕೋಶ. ಸಾಕ್ಸ್10 ಅಂದರೆ ಮೆಲನೋಮ, ಅಂದರೆ ಚರ್ಮದ ಬಣ್ಣದ ಕೋಶಗಳ ಕ್ಯಾನ್ಸರ್ ಇರಬಹುದೇ ಎಂಬ ಅನುಮಾನ.

ಒಂದೇ ಕಲೆ ನಂಬಿ ಯಾರೂ ರಿಪೋರ್ಟ್ ಬರೆಯುವುದಿಲ್ಲ. ಸಿಡಿಎಕ್ಸ್2 ಹೊಟ್ಟೆಯ, ಪ್ಯಾಂಕ್ರಿಯಾಸ್‌ನ ಕೆಲವು ಕ್ಯಾನ್ಸರ್‌ಗಳಲ್ಲೂ ಕಾಣುತ್ತದೆ. ಅದಕ್ಕೇ ಇಂಥ ನಾಲ್ಕಾರು ಗುರುತಿನ ಕಲೆ, ಅಂದರೆ ಮಾರ್ಕರ್ ಒಟ್ಟಿಗೆ ಹಾಕುವುದು, ಬಿಲ್ ಜಾಸ್ತಿ ಆಗುವುದು.

ಟಿಟಿಎಫ್-1 ನೆಗೆಟಿವ್ ಬಂದ್ರೆ ಶ್ವಾಸಕೋಶದ್ದಲ್ಲ ಅಂತ ತಾನೆ?

ಹಾಗೆ ಹೇಳಲಾಗದು. ಅಡಿನೋಕಾರ್ಸಿನೋಮಗಳಲ್ಲೇ ಒಂದಷ್ಟು ನೆಗೆಟಿವ್ ಬರುತ್ತವೆ. ಚರ್ಮದ ಮೇಲ್ಪದರದಂಥ ಚಪ್ಪಟೆ ಕೋಶಗಳ ಸ್ಕ್ವೇಮಸ್ ಬಗೆಯವು ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಇರುತ್ತವೆ, ಅವಕ್ಕೆ ನಾವು ಪಿ40 ಹಾಕುತ್ತೇವೆ. ಅದು ಪಿ63 ಎಂಬ ಮೇಸ್ತ್ರಿಯ ಒಂದು ರೂಪ. ಪಿ63 ಇಲ್ಲದ ಇಲಿಮರಿ ಸರಿಯಾದ ಚರ್ಮವಿಲ್ಲದೆ, ಕೈಕಾಲು ಪೂರ್ತಿ ಮೂಡದೆ ಹುಟ್ಟುತ್ತದೆ. ಚರ್ಮ ಕಟ್ಟುವವನು ಸ್ಕ್ವೇಮಸ್ ಕ್ಯಾನ್ಸರ್‌ನ ಗುರುತಾಗಿರುವುದು ಹೊಂದುತ್ತದೆ.

ಎಎಫ್‌ಪಿ, ಸಿಇಎ ರಕ್ತ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಅವೂ ಇದೇ ಜೀನ್‌ಗಳಾ?

ಮೇಸ್ತ್ರಿಗಳಲ್ಲ, ಮೇಸ್ತ್ರಿ ಹೇಳಿದಂತೆ ತಯಾರಾದ ಮಾಲು. ಎರಡೂ ಭ್ರೂಣದ ಕಾಲದಲ್ಲಿ ಧಾರಾಳ ಇದ್ದು ಆಮೇಲೆ ಇಳಿಯುವ ಪ್ರೋಟೀನ್‌ಗಳು. ಸಿಇಎ ಗುರುತಿಸಿದ್ದು 1965ರಲ್ಲಿ, ಕೆನಡಾದಲ್ಲಿ. ಕ್ಯಾನ್ಸರ್ ಕೋಶ ಹಳೇ ಕಾರ್ಯಕ್ರಮ ಓಡಿಸಿದಾಗ ಇವು ಮತ್ತೆ ರಕ್ತದಲ್ಲಿ ಕಾಣಬಹುದು. ಗರ್ಭಿಣಿಯರಲ್ಲಿ ಎಎಫ್‌ಪಿ ಏರುತ್ತದೆ, ಸಿಗರೇಟ್ ಸೇದುವವರಲ್ಲಿ ಸಿಇಎ ಕೊಂಚ ಹೆಚ್ಚಿರುತ್ತದೆ. ಬರೀ ಸಂಖ್ಯೆ ನೋಡಿ ಹೆದರಬೇಡಿ.

ಲ್ಯಾಬಿನವರು ಮೇಣದ ಬಿಲ್ಲೆ ವಾಪಸ್ ಕೊಟ್ಟರು. ಇನ್ನು ಬೇಕಾಗುತ್ತಾ?

ಬೇಕು. ಮುಂದೆ ಯಾವ ಮಾರ್ಕರ್, ಯಾವ ಜೀನ್ ಪರೀಕ್ಷೆ ಮಾಡಿಸಬೇಕಾದರೂ ಅದರಿಂದಲೇ ಪದರ ಸೀಳಬೇಕು. ಒಣ ಜಾಗದಲ್ಲಿ, ಬಿಸಿಲು ತಾಗದ ಹಾಗೆ ಇಡಿ. ಪರಿಚಯದವರೊಬ್ಬರು ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಿದ್ದರು. ತಂದುಕೊಟ್ಟದ್ದು ಪ್ಲಾಸ್ಟಿಕ್ ಕವರಿನ ತಳಕ್ಕೆ ಅಂಟಿದ ಮೇಣದ ಮುದ್ದೆ.

## ಕೆಡುವುದು ಹೇಗೆ

ನಮ್ಮ ಮಗು ಬೀಡಿ ಸೇದಿಲ್ಲ, ಗುಟ್ಕಾ ತಿಂದಿಲ್ಲ. ಅದಕ್ಕೆ ಯಾಕೆ ಕ್ಯಾನ್ಸರ್? ನಾನು ಬಸುರಿಯಿದ್ದಾಗ ಏನಾದ್ರೂ ತಪ್ಪು ಮಾಡಿದ್ನಾ?

ಇಲ್ಲ. ಮೊದಲು ಇದನ್ನು ಹೇಳಿಯೇ ಮುಂದಿನ ಮಾತು.

ದೊಡ್ಡವರ ಕ್ಯಾನ್ಸರ್‌ಗಳಲ್ಲಿ ಬಹಳಷ್ಟು ವರ್ಷಗಟ್ಟಲೆ ಸವೆದ ಕೋಶದಲ್ಲಿ ಹುಟ್ಟುತ್ತವೆ. ಮಕ್ಕಳದು ಹಾಗಲ್ಲ. ಕಟ್ಟಡ ಏಳುತ್ತಿರುವಾಗಲೇ ಒಂದು ಕಡೆ ಕೆಲಸ ನಿಂತುಹೋದ ಹಾಗೆ. ಮೇಸ್ತ್ರಿ 'ಇನ್ನೂ ಕೋಶ ಹೆಚ್ಚಿಸಿ' ಎಂಬಲ್ಲಿಗೇ ಸಿಕ್ಕಿಕೊಂಡಿದ್ದಾನೆ, 'ಸಾಕು, ಈಗ ಸ್ನಾಯು ಆಗಿ' ಎನ್ನುವುದೇ ಇಲ್ಲ.

ಆಲ್ವಿಯೋಲಾರ್ ರಾಬ್ಡೋಮಯೋಸಾರ್ಕೋಮ ಎಂಬ ಮಕ್ಕಳ ಕ್ಯಾನ್ಸರ್‌ನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 2ನೇ ಕ್ರೋಮೋಸೋಮ್ ಮತ್ತು 13ನೇ ಕ್ರೋಮೋಸೋಮ್ ತುಂಡಾಗಿ ಅಡ್ಡಾದಿಡ್ಡಿ ಅಂಟಿಕೊಂಡಾಗ, ಸ್ನಾಯು ಕಟ್ಟುವ ಪ್ಯಾಕ್ಸ್3ರ ತಲೆಗೆ ಫಾಕ್ಸೋ1ರ ಬಾಲ ಸೇರುತ್ತದೆ. ತಲೆಗೆ ಡಿಎನ್‌ಎ ಮೇಲೆ ಎಲ್ಲಿ ಕೂರಬೇಕು ಅಂತ ಗೊತ್ತು. ಬಾಲಕ್ಕೆ ಜೋರಾಗಿ ಕೂಗುವುದೊಂದೇ ಗೊತ್ತು. ಕೋಶ ಸ್ನಾಯುವಾಗಲು ಹೊರಟು ಅರ್ಧ ದಾರಿಯಲ್ಲಿ ನಿಂತು, ಸುಮ್ನೆ ಒಂದು ಎರಡಾಗಿ ಒಡೆಯುತ್ತಾ ಹೋಗುತ್ತದೆ. ಬಯಾಪ್ಸಿಯಲ್ಲಿ ಮಯೋಜೆನಿನ್ ಎಂಬ ಸ್ನಾಯುವಿನ ಮೇಸ್ತ್ರಿ ಕಂದಾಗಿ ಹೊಳೆಯುತ್ತದೆ, ಪೂರ್ತಿ ಸ್ನಾಯು ಮಾತ್ರ ಎಲ್ಲೂ ಇರುವುದಿಲ್ಲ.

ಮಕ್ಕಳ ರಕ್ತದ ಕ್ಯಾನ್ಸರ್‌ನಲ್ಲೂ ಇಂಥ ಜೋಡಣೆ ಇದೆ, ಇಟಿವಿ6 ಮತ್ತು ರಂಕ್ಸ್1 ಎಂಬ ಎರಡು ಮೇಸ್ತ್ರಿಗಳದು. ಬ್ರಿಟನ್ನಿನ ಮೆಲ್ ಗ್ರೀವ್ಸ್ ಮತ್ತು ಜೊತೆಗಾರರು ಕಾಯಿಲೆ ಬಂದ ಮಕ್ಕಳ ಹುಟ್ಟಿದ ವಾರದ ಹಿಮ್ಮಡಿ ರಕ್ತದ ಚುಕ್ಕೆಗಳನ್ನು ಹುಡುಕಿ ತೆಗೆದರು. ಕಾಗದದ ಮೇಲೆ ಒಣಗಿದ್ದ ಆ ರಕ್ತದಲ್ಲೇ ಜೋಡಣೆ ಸಿಕ್ಕಿತು. ಒಂದೇ ರೂಪದ ಅವಳಿಗಳಲ್ಲಿ ಇಬ್ಬರಿಗೂ ಜೋಡಣೆ ಅಕ್ಷರಕ್ಕೆ ಅಕ್ಷರ ಒಂದೇ ಇರುವುದುಂಟು. ಒಂದು ಮಗುವಿನಲ್ಲಿ ಹುಟ್ಟಿದ ಕೋಶ ಹಂಚಿಕೊಂಡ ಮಾಸಿನ ಮೂಲಕ ಇನ್ನೊಂದಕ್ಕೆ ದಾಟಿರುತ್ತದೆ. ಈಗ ನೋಡಿ: ಒಂದು ಅಂದಾಜಿನಂತೆ ನೂರು ಮಕ್ಕಳಲ್ಲಿ ಒಂದು ಈ ಜೋಡಣೆ ಇಟ್ಟುಕೊಂಡೇ ಹುಟ್ಟುತ್ತದೆ. ಅವುಗಳಲ್ಲಿ ಬಹುಪಾಲಿಗೆ ಯಾವತ್ತೂ ಕಾಯಿಲೆ ಬರುವುದಿಲ್ಲ. ಇನ್ನೂ ಒಂದೆರಡು ಪೆಟ್ಟು ಬೀಳಬೇಕು. ಅದರಲ್ಲಿ ಅಮ್ಮನ ಊಟಕ್ಕೆ, ಓಡಾಟಕ್ಕೆ ತಪ್ಪು ಹೊರಿಸಲು ಏನೂ ಇಲ್ಲ.

ನಮ್ಮ ಪಾಪುಗೆ ಕಣ್ಣಲ್ಲಿ ಬಣ್ಣದ ಭಾಗ ಬೆಳೆದೇ ಇಲ್ಲ. ಕಣ್ಣಿನ ಡಾಕ್ಟರ್ ಕಿಡ್ನಿ ಸ್ಕ್ಯಾನ್ ಮಾಡಿಸಿ ಅಂತಾರೆ. ಕಣ್ಣಿಗೂ ಕಿಡ್ನಿಗೂ ಏನು?

ಅಕ್ಕಪಕ್ಕದ ಮನೆ. ಕಣ್ಣು ಕಟ್ಟುವ ಪ್ಯಾಕ್ಸ್6, ಕಿಡ್ನಿ ಕಟ್ಟುವ ಡಬ್ಲ್ಯುಟಿ1, ಎರಡೂ 11ನೇ ಕ್ರೋಮೋಸೋಮಿನ ಒಂದೇ ಬೀದಿಯಲ್ಲಿವೆ. ಕೆಲವು ಮಕ್ಕಳಲ್ಲಿ ಆ ಬೀದಿಯ ತುಂಡೇ ಕಳೆದುಹೋಗಿರುತ್ತದೆ. ಪ್ಯಾಕ್ಸ್6ರ ಒಂದು ಪ್ರತಿ ಹೋದರೆ ಐರಿಸ್ ಮೂಡುವುದಿಲ್ಲ. ಡಬ್ಲ್ಯುಟಿ1ರ ಒಂದು ಪ್ರತಿ ಹೋಗಿ, ಮುಂದೆ ಯಾವುದೋ ಕೋಶದಲ್ಲಿ ಉಳಿದದ್ದೂ ಕೆಟ್ಟರೆ ಕಿಡ್ನಿಯಲ್ಲಿ ವಿಲ್ಮ್ಸ್ ಗಡ್ಡೆ ಏಳಬಹುದು. ಹುಟ್ಟುವ ಮೊದಲೇ ಕಿಡ್ನಿಯಾಗಿ ಮುಗಿಯಬೇಕಿದ್ದ ಕೋಶಗಳು ಹಾಗೇ ಹಸಿಯಾಗಿ ಉಳಿದು ಬೆಳೆದ ಗಡ್ಡೆ ಅದು. ತುಂಡು ಕಳೆದಿದೆ ಎಂದು ಜೀನ್ ಪರೀಕ್ಷೆಯಲ್ಲಿ ಗೊತ್ತಾದರೆ ಸುಮಾರು 7–8 ವರ್ಷದ ತನಕ ಮೂರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುವುದು ರೂಢಿ. ಬೇಗ ಸಿಕ್ಕಿದ ವಿಲ್ಮ್ಸ್ ಗಡ್ಡೆ ಬಹುತೇಕ ಗುಣವಾಗುತ್ತದೆ. ನಿಮ್ಮ ಕಣ್ಣಿನ ಡಾಕ್ಟರ್ ಚುರುಕಿದ್ದಾರೆ.

ದೊಡ್ಡವರಲ್ಲಿ ಕೆಡೋದು ಬೇರೆ ರೀತಿನಾ?

ಹೆಚ್ಚಾಗಿ. ಕ್ರೋಮೋಸೋಮ್ ಅಂಟಿಕೊಳ್ಳುವುದು ಇವರಲ್ಲೂ ಇದೆ, ಆದರೆ ಗಟ್ಟಿ ಗಡ್ಡೆಗಳಲ್ಲಿ ಜೀನಿನ ಪ್ರತಿಗಳೇ ಹೆಚ್ಚಾಗುವುದು ಸಾಮಾನ್ಯ. ಎರಡಿರಬೇಕಾದ ಕಡೆ ಹತ್ತು, ಇಪ್ಪತ್ತು. ಶ್ವಾಸಕೋಶದ ಮತ್ತು ಅನ್ನನಾಳದ ಸ್ಕ್ವೇಮಸ್ ಕ್ಯಾನ್ಸರ್‌ನಲ್ಲಿ ಸಾಕ್ಸ್2 ಹೀಗೆ ಹೆಚ್ಚುತ್ತದೆ, ಮೆಲನೋಮದ ಒಂದು ಪಾಲಿನಲ್ಲಿ ಎಂಐಟಿಎಫ್. ಗಮನಿಸಿ, ಸಾಕ್ಸ್2 ಅನ್ನನಾಳವನ್ನೂ, ಎಂಐಟಿಎಫ್ ಚರ್ಮಕ್ಕೆ ಬಣ್ಣ ಕೊಡುವ ಕೋಶವನ್ನೂ ಕಟ್ಟಿದ ಜೀನ್‌ಗಳು. ಕ್ಯಾನ್ಸರ್ ತನ್ನ ಮನೆ ಕಟ್ಟಿದವನನ್ನೇ ಹಿಡಿದುಕೊಳ್ಳುತ್ತದೆ. ಅವನಿಲ್ಲದಿದ್ದರೆ ಆ ಕೋಶ ಬದುಕುವುದೇ ಕಷ್ಟ.

## ಇನ್ನೂ ಒಳಕ್ಕೆ

ಒಂದು ಕಡೆ ಎನ್‌ಕೆಎಕ್ಸ್2-1 ಕ್ಯಾನ್ಸರ್ ಬೆಳೆಸುತ್ತೆ ಅಂತಾರೆ, ಇನ್ನೊಂದು ಕಡೆ ತಡೆಯುತ್ತೆ ಅಂತಾರೆ. ಯಾವುದು ಸರಿ?

ಎರಡೂ. 2007ರಲ್ಲಿ ಶ್ವಾಸಕೋಶದ ನೂರಾರು ಅಡಿನೋಕಾರ್ಸಿನೋಮಗಳ ಡಿಎನ್‌ಎ ಜಾಲಾಡಿದಾಗ, ಪ್ರತಿಗಳು ಹೆಚ್ಚಾಗಿದ್ದ ಜಾಗಗಳಲ್ಲಿ ಎದ್ದು ಕಂಡದ್ದು ಎನ್‌ಕೆಎಕ್ಸ್2-1 ಇರುವ ಜಾಗ. ಸರಿ, ಇವನೇ ಕಳ್ಳ ಅಂದುಕೊಂಡರು. ಆಮೇಲೆ ಇಲಿಗಳ ಪ್ರಯೋಗ ಬಂತು. ಕೆರಾಸ್ ಎಂಬ ಜೀನ್ ಕೆಡಿಸಿ ಶ್ವಾಸಕೋಶದ ಕ್ಯಾನ್ಸರ್ ತರಿಸಿದ ಇಲಿಯಲ್ಲಿ ಎನ್‌ಕೆಎಕ್ಸ್2-1 ತೆಗೆದರೆ ಗಡ್ಡೆ ನಿಲ್ಲಲಿಲ್ಲ, ಮತ್ತೂ ಬೆಳೆಯಿತು.

ಇಲ್ಲಿಯದು ನನಗೆ ಬಹಳ ಇಷ್ಟವಾದ ಸಂಗತಿ. ಆ ಗಡ್ಡೆಯ ಪದರ ಸೀಳಿ ನೋಡಿದರೆ ಕೋಶಗಳು ಲೋಳೆ ತುಂಬಿಕೊಂಡಿದ್ದವು. ಹೊಟ್ಟೆಯ ಒಳಗೋಡೆಯಲ್ಲಿ ಇರಬೇಕಾದ ಪ್ರೋಟೀನ್‌ಗಳು ಓಡುತ್ತಿದ್ದವು. ಶ್ವಾಸಕೋಶದ ಗಡ್ಡೆ ಹೊಟ್ಟೆಯಾಗಲು ಹೊರಟಿತ್ತು! ಭ್ರೂಣದಲ್ಲಿ ಶ್ವಾಸಕೋಶ ಕವಲೊಡೆಯುವುದು ಅನ್ನನಾಳ, ಹೊಟ್ಟೆ ಆಗುವ ಅದೇ ಕೊಳವೆಯಿಂದ. 'ನೀನು ಶ್ವಾಸಕೋಶ' ಎನ್ನುವ ಕಾವಲುಗಾರ ಹೋದ ಕೂಡಲೇ ಕೋಶಕ್ಕೆ ಪಕ್ಕದ ಮನೆಯ ಹಳೇ ದಾರಿ ನೆನಪಾಗಿದೆ. ಮನುಷ್ಯರಲ್ಲೂ ಲೋಳೆ ತುಂಬಿದ ಒಂದು ಬಗೆಯ ಶ್ವಾಸಕೋಶದ ಅಡಿನೋಕಾರ್ಸಿನೋಮ ಇದೆ. ಅದು ಸಾಮಾನ್ಯವಾಗಿ ಟಿಟಿಎಫ್-1 ನೆಗೆಟಿವ್, ಕೆರಾಸ್ ಕೆಟ್ಟಿರುವುದೂ ಹೆಚ್ಚು. ಸ್ಲೈಡ್ ನೋಡುವವರಿಗೆ ಇದು ಹಳೇ ಪರಿಚಯ, ಕಾರಣ ಗೊತ್ತಾದದ್ದು ಮಾತ್ರ ಈಚೆಗೆ.

ಡಬ್ಲ್ಯುಟಿ1 ಕೂಡ ಇದೇ ಥರ. ಕಿಡ್ನಿಯಲ್ಲಿ ಅದು ಹೋದರೆ ಗಡ್ಡೆ. ರಕ್ತದ ಕ್ಯಾನ್ಸರ್‌ಗಳಲ್ಲಿ ಅದೇ ಮಿತಿಮೀರಿ ಓಡುತ್ತಿರುತ್ತದೆ. ಜೀನಿನ ಹೆಸರು ಹೇಳಿ 'ಒಳ್ಳೆಯದಾ ಕೆಟ್ಟದ್ದಾ' ಎಂದು ಕೇಳಿದರೆ, ಯಾವ ಅಂಗದಲ್ಲಿ, ಯಾವಾಗ, ಎಷ್ಟು ಅಂತ ನಾನು ತಿರುಗಿ ಕೇಳುವುದು ಇದಕ್ಕೇ.

ಮೈಯ ಸಾವಿರಾರು ಕೋಶಕ್ಕೆ ಮ್ಯುಟೇಶನ್ (ಡಿಎನ್‌ಎ ಅಕ್ಷರದ ತಪ್ಪು) ಇದ್ರೂ ಒಂದೇ ಕಡೆ ಗಡ್ಡೆ ಏಳೋದು ಯಾಕೆ?

ಇದಕ್ಕೆ ಒಂದು ಮೀನು ಚೆನ್ನಾಗಿ ಉತ್ತರ ಹೇಳಿತು. ಜೀಬ್ರಾಫಿಶ್, ಭಾರತದ ತೊರೆ, ಗದ್ದೆ ನೀರಿನದೇ ಪುಟ್ಟ ಪಟ್ಟೆ ಮೀನು. ಈಗ ಜಗತ್ತಿನ ಲ್ಯಾಬುಗಳಲ್ಲೆಲ್ಲ ಇದೆ. ಬೋಸ್ಟನ್‌ನಲ್ಲಿ ಲಿಯೊನಾರ್ಡ್ ಝಾನ್ ತಂಡ ಸಾಕಿದ ಮೀನುಗಳ ಬಣ್ಣದ ಕೋಶಗಳೆಲ್ಲದರಲ್ಲೂ ಬಿರಾಫ್ ಎಂಬ ಜೀನ್ ಕೆಟ್ಟಿತ್ತು, ಕ್ಯಾನ್ಸರ್ ತಡೆಯುವ ಪಿ53 ಎಂಬ ಕಾವಲು ಜೀನೂ ಇರಲಿಲ್ಲ. ಆದರೂ ತಿಂಗಳುಗಟ್ಟಲೆ ಏನೂ ಆಗದು. ಆಮೇಲೆ ಮೀನಿಗೆ ಒಂದೋ ಎರಡೋ ಗಡ್ಡೆ.

ಅವರು ಒಂದು ಉಪಾಯ ಮಾಡಿದರು. ಕ್ರೆಸ್ಟಿನ್ ಎಂಬ ಜೀನ್, ಭ್ರೂಣದ ಬೆನ್ನಿನ ಗೆರೆಯಲ್ಲಿ ಮೂಡಿ ಆಮೇಲೆ ಮೈಯೆಲ್ಲ ಹರಡುವ ನರತುದಿಯ (ನ್ಯೂರಲ್ ಕ್ರೆಸ್ಟ್) ಕೋಶಗಳಲ್ಲಿ ಮಾತ್ರ ಓಡಿ, ಮೊದಲ ಕೆಲವು ದಿನಗಳಲ್ಲೇ ನಿಂತುಹೋಗುತ್ತದೆ. ಬಣ್ಣದ ಕೋಶಗಳು ಹುಟ್ಟುವುದು ಆ ನರತುದಿಯಿಂದಲೇ. ಕ್ರೆಸ್ಟಿನ್ ಓಡಿದರೆ ಕೋಶ ಹಸಿರಾಗಿ ಹೊಳೆಯುವ ಹಾಗೆ ಮೀನನ್ನು ಬದಲಿಸಿ ಕಾದರು. ದೊಡ್ಡ ಮೀನಿನ ಚರ್ಮದಲ್ಲಿ ಒಂದು ದಿನ ಒಂದೇ ಒಂದು ಕೋಶ ಹಸಿರಾಯಿತು. ಅದು ಎರಡಾಯಿತು, ಚುಕ್ಕೆಯಾಯಿತು, ಆ ಚುಕ್ಕೆಯೇ ಗಡ್ಡೆಯಾಯಿತು. ಆ ಕೋಶ ಮತ್ತೆ ಭ್ರೂಣದ ಕಾಲಕ್ಕೆ ಹಿಂತಿರುಗಿತ್ತು. ನರತುದಿಯ ಮೇಸ್ತ್ರಿ ಸಾಕ್ಸ್10ನ್ನು ಹೆಚ್ಚಿಸಿದಾಗ ಗಡ್ಡೆಗಳು ಇನ್ನೂ ಬೇಗ ಬಂದವು. 2016ರಲ್ಲಿ ಇದು ಪ್ರಕಟವಾಯಿತು. ನಮ್ಮ ಚರ್ಮದ ಸಾಧಾರಣ ಮಚ್ಚೆಗಳಲ್ಲೂ ಬಿರಾಫ್ ಕೆಟ್ಟಿರುವುದು ಸಾಮಾನ್ಯ, ಅವು ಸುಮ್ನೆ ಮಚ್ಚೆಯಾಗಿಯೇ ಉಳಿಯುತ್ತವೆ.

ಹಾಗಾದ್ರೆ ಮ್ಯುಟೇಶನ್ ಇಲ್ಲದೆಯೂ ಕ್ಯಾನ್ಸರ್ ಬರಬಹುದಾ?

ಇಲಿಯಲ್ಲಿ ತೋರಿಸಿದ್ದಾರೆ. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ನಾಲ್ಕು ಮೇಸ್ತ್ರಿ ಜೀನ್‌ಗಳಿಂದ ಬೆಳೆದ ಕೋಶವನ್ನು ಮತ್ತೆ ಭ್ರೂಣದ ಸ್ಥಿತಿಗೆ ತಂದಿದ್ದರು. 2014ರಲ್ಲಿ ಜಪಾನಿನದೇ ಇನ್ನೊಂದು ತಂಡ ಇಲಿಯ ಮೈಯೊಳಗೇ ಅವನ್ನು ಎಬ್ಬಿಸಿ, ಕೆಲಸ ಮುಗಿಯುವ ಮೊದಲೇ ನಿಲ್ಲಿಸಿತು. ಕಿಡ್ನಿಯಲ್ಲಿ ವಿಲ್ಮ್ಸ್ ಗಡ್ಡೆಯನ್ನೇ ಹೋಲುವ ಗಡ್ಡೆಗಳು ಬಂದವು. ಆ ಗಡ್ಡೆಯ ಕೋಶವನ್ನೇ ಪೂರ್ತಿ ಹಿಂದಕ್ಕೆ ಒಯ್ದು ಹೊಸದಾಗಿ ಬೆಳೆಸಿದರೆ ಮಾಮೂಲಿ ಕಿಡ್ನಿ ಕೋಶ ಆಯಿತು. ಡಿಎನ್‌ಎ ಅಕ್ಷರ ಕೆಟ್ಟಿದ್ದರೆ ಹೀಗೆ ಆಗುತ್ತಿರಲಿಲ್ಲ. ಇದನ್ನು ಹಿಡಿದು ಮನುಷ್ಯರ ಕ್ಯಾನ್ಸರೆಲ್ಲ ಹೀಗೇ ಎನ್ನಲು ಹೋಗಬಾರದು, ಅವುಗಳಲ್ಲಿ ಮ್ಯುಟೇಶನ್ ಧಾರಾಳ ಸಿಗುತ್ತವೆ.

ಟ್ವಿಸ್ಟ್, ಸ್ನೇಲ್ ಜೀನ್‌ಗಳಿಂದಲೇ ಕ್ಯಾನ್ಸರ್ ಹರಡುತ್ತೆ ಅಂತ ಓದಿದೆ. ನಿಜವಾ?

ಅರ್ಧ. ಭ್ರೂಣದಲ್ಲಿ ಗೋಡೆಯ ಹಾಗೆ ಒತ್ತೊತ್ತಾಗಿ ಅಂಟಿಕೊಂಡ ಕೋಶಗಳು ಬಿಡಿಯಾಗಿ ದೂರ ನಡೆಯಬೇಕಾಗುತ್ತದೆ. ಆಗ ಅಂಟು ಬಿಡಿಸುವವರು ಟ್ವಿಸ್ಟ್, ಸ್ನೇಲ್. ಕ್ಯಾನ್ಸರ್ ಕೋಶವೂ ಇದೇ ಬಿಡಿಸುವಿಕೆ ಬಳಸುತ್ತದೆ ಎಂದು 2004ರಲ್ಲಿ ಇಲಿಯ ಸ್ತನ ಕ್ಯಾನ್ಸರ್‌ನಲ್ಲಿ ಟ್ವಿಸ್ಟ್ ಮೇಲೆ ನಡೆದ ಕೆಲಸ ತೋರಿಸಿತು. 2015ರಲ್ಲಿ ಎರಡು ತಂಡಗಳು, ಇದು ಇಲ್ಲದೆಯೂ ಇಲಿಯಲ್ಲಿ ಕ್ಯಾನ್ಸರ್ ಹರಡುತ್ತದೆ, ಆದರೆ ಕೀಮೋಗೆ ಬಗ್ಗದ ಹಾಗೆ ಮಾಡುವುದರಲ್ಲಿ ಇದರ ಕೈ ಇದೆ ಎಂದವು. ಜಗಳ ಮುಗಿದಿಲ್ಲ.

ಬಾಲದ ಜೀನ್‌ನಿಂದ ಬರೋ ಕ್ಯಾನ್ಸರ್ ಇದೆಯಂತೆ?

ಕಾರ್ಡೋಮ. ವರ್ಷಕ್ಕೆ ಹತ್ತು ಲಕ್ಷಕ್ಕೆ ಒಬ್ಬರಿಗೆ ಬರುವಷ್ಟು ಅಪರೂಪ. ಬ್ರ್ಯಾಕಿಯೂರಿ ಎಂದರೆ ಗ್ರೀಕ್‌ನಲ್ಲಿ ಮೋಟುಬಾಲ. 1927ರಲ್ಲಿ ಪ್ಯಾರಿಸ್‌ನಲ್ಲಿದ್ದ ನದೇಜ್ದಾ ದೊಬ್ರೊವೊಲ್ಸ್ಕಯಾ ಮೋಟುಬಾಲದ ಇಲಿಗಳ ಮೇಲೆ ಬರೆದಾಗ ಶುರುವಾದ ಕಥೆ ಇದು. ಭ್ರೂಣದ ನೋಟೋಕಾರ್ಡ್ ಮಾಯವಾಗುವಾಗ ಬೆನ್ನುಮೂಳೆಯ ಎರಡು ತುದಿಗಳಲ್ಲಿ, ತಲೆಬುರುಡೆಯ ಬುಡದಲ್ಲಿ ಮತ್ತು ಸೊಂಟದ ಕೆಳಗೆ, ಕೆಲವು ಕೋಶ ಉಳಿದುಬಿಡುತ್ತವೆ. ಕಾರ್ಡೋಮ ಹೆಚ್ಚಾಗಿ ಏಳುವುದು ಅಲ್ಲೇ, ಬ್ರ್ಯಾಕಿಯೂರಿ ಎಚ್ಚರವಾಗಿಯೇ ಇರುತ್ತದೆ. 2009ರಲ್ಲಿ, ಈ ಗಡ್ಡೆ ತಲೆಮಾರಿನಿಂದ ತಲೆಮಾರಿಗೆ ಬರುವ ಕೆಲವು ಕುಟುಂಬಗಳಲ್ಲಿ ಆ ಜೀನಿನ ಒಂದು ಪ್ರತಿ ಹೆಚ್ಚಿರುವುದು ಸಿಕ್ಕಿತು. ಇಷ್ಟು ನೇರವಾದ ಸಂಬಂಧ ನಮ್ಮ ಕೆಲಸದಲ್ಲಿ ಅಪರೂಪ.

## ಔಷಧದ ಮಾತು

ಕಳ್ಳ ಯಾರು ಅಂತ ಗೊತ್ತಾದ ಮೇಲೂ ಔಷಧ ಯಾಕಿಲ್ಲ?

ಒಲೆ ಮೇಲಿನ ಬಿಸಿ ಪಾತ್ರೆಗೆ ಅಂಚೂ ಇಲ್ಲ, ಹಿಡಿಯೂ ಇಲ್ಲ ಅಂದುಕೊಳ್ಳಿ. ಇಕ್ಕಳ ಎಲ್ಲಿ ಕಚ್ಚಬೇಕು? ಮಾತ್ರೆಯ ಅಣು ಕಚ್ಚಿಕೊಳ್ಳಲು ಪ್ರೋಟೀನ್‌ನಲ್ಲಿ ಒಂದು ಗುಳಿ ಬೇಕು. ಹೆಚ್ಚಿನ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್‌ಗಳಿಗೆ ಅಂಥ ಗುಳಿ ಇಲ್ಲ. ಹಾರ್ಮೋನ್ ಹಿಡಿಯುವವಕ್ಕೆ ಇದೆ, ಅದಕ್ಕೇ ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ಕೆಲಸ ಮಾಡುವುದು.

ಉಳಿದವರಿಗೆ ಸುತ್ತುಬಳಸಿನ ದಾರಿ. ಶಿಶುಗಳ ರಕ್ತದ ಕ್ಯಾನ್ಸರ್‌ನಲ್ಲಿ ಕೆಎಂಟಿ2ಎ ಎಂಬ ಜೀನ್ ಮುರಿದು ಅಂಟಿರುವುದು ಬಹಳ. ಅದು ಹಾಕ್ಸ್ಎ9 ಮೇಸ್ತ್ರಿಯನ್ನು ಮಲಗಲು ಬಿಡುವುದಿಲ್ಲ. ಹಾಕ್ಸ್ಎ9ಕ್ಕೆ ಇಕ್ಕಳ ಕಚ್ಚದು. ಆದರೆ ಅದನ್ನು ಎಬ್ಬಿಸಲು ಕೆಎಂಟಿ2ಎಗೆ ಮೆನಿನ್ ಎಂಬ ಜೊತೆಗಾರ ಬೇಕು, ಮೆನಿನ್‌ಗೆ ಗುಳಿ ಇದೆ. ಅಲ್ಲಿ ಕಚ್ಚುವ ರೆವುಮೆನಿಬ್ ಮಾತ್ರೆಗೆ 2024ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಒಕ್ಕಣ್ಣಿನ ಕುರಿಯಿಂದ ಕ್ಯಾನ್ಸರ್ ಔಷಧ ಬಂತು ಅನ್ನೋದು ವಾಟ್ಸ್ಯಾಪ್ ಕಥೆ ತಾನೆ?

ಈ ಸಲ ವಾಟ್ಸ್ಯಾಪ್ ಗೆದ್ದಿತು. 1950ರ ದಶಕದಲ್ಲಿ ಅಮೆರಿಕದ ಐಡಾಹೊ ರಾಜ್ಯದ ಕುರಿಗಾರರಿಗೆ ಹಣೆ ಮಧ್ಯೆ ಒಂದೇ ಕಣ್ಣಿನ ಮರಿಗಳು ಹುಟ್ಟತೊಡಗಿದವು. ಗಬ್ಬದ ಕುರಿಗಳು ಸುಮಾರು 14ನೇ ದಿನ ಬೆಟ್ಟದ ಒಂದು ಕಾಡುಗಿಡ ಮೇದದ್ದು ಕಾರಣ. ಗಿಡದೊಳಗಿನ ವಿಷಕ್ಕೆ ಸೈಕ್ಲೋಪಮೀನ್ ಎಂದು ಹೆಸರಿಟ್ಟರು. ಅದು ಕೋಶದಿಂದ ಕೋಶಕ್ಕೆ ಸುದ್ದಿ ಸಾಗುವ ಹೆಜ್‌ಹಾಗ್ ದಾರಿಯನ್ನು ಮುಚ್ಚುತ್ತದೆ ಎಂದು ಗೊತ್ತಾದದ್ದು 1998ರಲ್ಲಿ. ಭ್ರೂಣದ ಮುಖದ ಮಧ್ಯಗೆರೆ ಎಳೆಯುವುದು ಆ ದಾರಿ, ಅದರ ಕೊನೆಯಲ್ಲಿ ಕೂತಿರುವವರು ಗ್ಲಿ ಎಂಬ ಮೇಸ್ತ್ರಿಗಳು. ಬೇಸಲ್ ಸೆಲ್ ಎಂಬ ಚರ್ಮದ ಕ್ಯಾನ್ಸರ್‌ನಲ್ಲಿ ಇದೇ ದಾರಿ ತೆರೆದುಬಿದ್ದಿರುತ್ತದೆ. ಸೈಕ್ಲೋಪಮೀನ್ ಕೂರುವ ಅದೇ ಜಾಗಕ್ಕೆ ಬೇರೆ ಮದ್ದು ಮಾಡಿದರು, ವಿಸ್ಮೋಡೆಗಿಬ್, 2012ರಲ್ಲಿ ಒಪ್ಪಿಗೆ. ಬಸುರಿಯರು ಅದನ್ನು ಯಾಕೆ ತಗೊಳ್ಳಬಾರದು ಅಂತ ಬಿಡಿಸಿ ಹೇಳಬೇಕಿಲ್ಲ.

ಕ್ಯಾನ್ಸರ್ ಕೋಶವನ್ನು ಕೊಲ್ಲದೆ ಸರಿದಾರಿಗೆ ತರೋಕೆ ಆಗುತ್ತಾ?

ಒಂದು ಕ್ಯಾನ್ಸರ್‌ನಲ್ಲಿ ದಿನವೂ ಆಗುತ್ತಿದೆ. ಎಪಿಎಲ್ ಎಂಬ ರಕ್ತದ ಕ್ಯಾನ್ಸರ್‌ನಲ್ಲಿ 15 ಮತ್ತು 17ನೇ ಕ್ರೋಮೋಸೋಮ್ ಅದಲುಬದಲಾಗಿ, ವಿಟಮಿನ್ ಎಯ ಒಂದು ರೂಪಕ್ಕೆ ಓಗೊಡುವ ಆರ್‌ಎಆರ್-ಆಲ್ಫಾ ಎಂಬ ಮೇಸ್ತ್ರಿ ಕಿವುಡನಾಗುತ್ತಾನೆ. ಬಿಳಿ ರಕ್ತಕಣ ಬಲಿಯದೆ ಎಳಸಾಗಿ ಉಳಿಯುತ್ತದೆ. 1985ರಲ್ಲಿ ಶಾಂಘೈನ ವಾಂಗ್ ಜೆನ್‌ಯಿ, ಬದುಕುವ ಆಸೆ ಬಿಟ್ಟಿದ್ದ 5 ವರ್ಷದ ಹುಡುಗಿಗೆ ವಿಟಮಿನ್ ಎಯ ಆ ರೂಪವನ್ನೇ, ಆಟ್ರಾ ಎಂಬ ಮದ್ದಾಗಿ ಕೊಟ್ಟರು. ಕಿವುಡನಿಗೆ ಕೇಳುವಷ್ಟು ಜೋರಾದ ಕೂಗು ಅದು. ಕ್ಯಾನ್ಸರ್ ಕೋಶಗಳು ಬಲಿತು ಮಾಮೂಲಿ ಬಿಳಿ ಕಣವಾಗಿ, ವಯಸ್ಸಾಗಿ ಸತ್ತವು. ಮಗು ಉಳಿಯಿತು. ಈಗ ಹೆಚ್ಚು ಅಪಾಯವಿಲ್ಲದ ಎಪಿಎಲ್‌ಗೆ ಆಟ್ರಾ ಜೊತೆ ಆರ್ಸೆನಿಕ್ ಕೊಡುತ್ತಾರೆ, ಮಾಮೂಲಿ ಕೀಮೋ ಇಲ್ಲದೆ ನೂರಕ್ಕೆ 90ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ. ಮೊದಲ ದಿನಗಳಲ್ಲಿ ರಕ್ತಸ್ರಾವದ ಅಪಾಯ ದೊಡ್ಡದು, ಅದಕ್ಕೆ ಎಪಿಎಲ್ ಅನುಮಾನ ಬಂದರೆ ಲ್ಯಾಬಿನಿಂದ ರಾತ್ರಿಯಾದರೂ ಫೋನ್ ಮಾಡುತ್ತೇವೆ. ಉಳಿದ ಕ್ಯಾನ್ಸರ್‌ಗಳಲ್ಲಿ ಇಷ್ಟು ಸಲೀಸಾಗಿ ಆಗಿಲ್ಲ.

ಹಾಗಾದ್ರೆ ವಿಟಮಿನ್ ಎ ಮಾತ್ರೆ ತಗೊಂಡ್ರೆ ಕ್ಯಾನ್ಸರ್ ಬರಲ್ಲ?

ದಯವಿಟ್ಟು ಬೇಡ. ಫಿನ್ಲೆಂಡ್‌ನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದಲ್ಲಿ, ಮೈಯಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್ ಮಾತ್ರೆ ತಗೊಂಡವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚೇ ಬಂತು. 1994ರ ಮಾತು. ಗಜ್ಜರಿ ಪಲ್ಯ ತಿನ್ನಿ, ಅದಕ್ಕೆ ಅಡ್ಡಿಯಿಲ್ಲ.

ಅಪ್ಪನಿಗೆ ಬಂದಿದೆ. ಮನೆಯವರೆಲ್ಲ ಈ ಜೀನ್‌ಗಳ ಟೆಸ್ಟ್ ಮಾಡಿಸಬೇಕಾ?

ಬಹುತೇಕ ಬೇಡ. ಇಲ್ಲಿ ಹೇಳಿದ ಜೋಡಣೆ, ಪ್ರತಿ ಹೆಚ್ಚಳ ಬಹುತೇಕ ಗಡ್ಡೆಯ ಕೋಶದಲ್ಲಿ ಮಾತ್ರ ಆದವು, ಮಕ್ಕಳಿಗೆ ಹೋಗುವುದಿಲ್ಲ. ಹುಟ್ಟಿನಿಂದ ಬರುವ ಕೆಲವು ಇವೆ: ಕೆಲವು ಕುಟುಂಬಗಳ ಕಾರ್ಡೋಮಕ್ಕೆ ಬ್ರ್ಯಾಕಿಯೂರಿ, ವಿಲ್ಮ್ಸ್ ಗಡ್ಡೆಗೆ ಡಬ್ಲ್ಯುಟಿ1, ನ್ಯೂರೋಬ್ಲಾಸ್ಟೋಮ ಎಂಬ ಮಕ್ಕಳ ನರದ ಗಡ್ಡೆಗೆ ಪಿಎಚ್‌ಒಎಕ್ಸ್2ಬಿ, ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ರಂಕ್ಸ್1 ಮತ್ತು ಗಾಟಾ2, ಯುರೋಪ್ ಮೂಲದ ಕೆಲವು ಕುಟುಂಬಗಳ ಪ್ರೋಸ್ಟೇಟ್ ಕ್ಯಾನ್ಸರ್‌ಗೆ ಹಾಕ್ಸ್ಬಿ13. ಎಳೆ ವಯಸ್ಸಿನಲ್ಲಿ ಬಂದಿದ್ದರೆ, ಮನೆಯಲ್ಲಿ ಇಬ್ಬರು ಮೂವರಿಗೆ ಒಂದೇ ಬಗೆಯದು ಬಂದಿದ್ದರೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ. ಹೋಗುವ ಮೊದಲು ಕೈಯಲ್ಲಿರುವ ಜೀನ್ ರಿಪೋರ್ಟಿನ ಮೊದಲ ಪುಟ ನೋಡಿ: ಸ್ಯಾಂಪಲ್ ಎನ್ನುವ ಕಡೆ ರಕ್ತ ಎಂದಿದೆಯೋ, ಮೇಣದ ಬಿಲ್ಲೆ ಎಂದಿದೆಯೋ. ಬಿಲ್ಲೆ ಎಂದಿದ್ದರೆ ಅದು ಗಡ್ಡೆಯ ಜೀನ್. ಅದರಲ್ಲಿ ಕಂಡದ್ದು ಅಪ್ಪನಿಗೆ ಹುಟ್ಟಿನಿಂದ ಇತ್ತೋ ಇಲ್ಲವೋ ಎಂದು ತಿಳಿಯಲು ರಕ್ತದ ಪರೀಕ್ಷೆ ಬೇರೆಯೇ ಮಾಡಿಸಬೇಕು.